‘ಯಾಕೋ ಸರಿ ಕಾಣ್ತಿಲ್ಲ ಸಾರ್’

ರಾತ್ರಿ ಎರಡೂವರೆ ಗಂಟೆ. ಡ್ಯೂಟಿ ಕೋಣೆಯ ಫೋನು ಹೊಡೆದುಕೊಂಡಿತು. ಹೆರಿಗೆ ವಾರ್ಡಿನ ಸಿಸ್ಟರ್.

‘ಸಾರ್, ಮೂರನೇ ಬೆಡ್ಡಿನ ಬಾಣಂತಿ ಯಾಕೋ ಸರಿ ಕಾಣ್ತಿಲ್ಲ. ಒಂದ್ಸಲ ಬಂದು ನೋಡ್ತೀರಾ?’

‘ಬಿಪಿ ಎಷ್ಟಿದೆ?’

‘110/70 ಇದೆ ಸಾರ್.’

‘ಬ್ಲೀಡಿಂಗ್?’

‘ಬಟ್ಟೆ ಅಷ್ಟೇನೂ ನೆಂದಿಲ್ಲ.’

‘ಮತ್ತೇನು ಸಿಸ್ಟರ್? ಬಿಪಿ ಚೆನ್ನಾಗಿದೆಯಲ್ಲ. ನೋಡ್ತಾ ಇರಿ’ ಎಂದು ಫೋನಿಟ್ಟು ಮಗ್ಗುಲಾದೆ. ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ಫೋನು. ‘ನಾಡಿ 124 ಆಗಿದೆ ಸಾರ್. ನೀರು ನೀರು ಅಂತಿದ್ದಾರೆ, ಒಂದು ಕಡೆ ಮಲಗ್ತಿಲ್ಲ.’ ಹೆರಿಗೆಯ ಸುಸ್ತು, ಡ್ರಿಪ್ ಹಾಕಿ ಎಂದೆ. ಮೂರನೆಯ ಸಲ ಆಕೆ ಫೋನು ಮಾಡಲಿಲ್ಲ. ಆಯಾಳನ್ನು ಕಳುಹಿಸಿ ಬಾಗಿಲು ಬಡಿಸಿದರು.

ಹೋಗಿ ನೋಡಿದರೆ ಬಾಣಂತಿಯ ಹೊಟ್ಟೆಯ ಮೇಲೆ ಬಾಲ್‌ಪೆನ್ನಿನ ಒಂದು ಗೆರೆ. ಹೆರಿಗೆಯಾದ ಮೇಲೆ ಗರ್ಭಕೋಶದ ತುದಿ ಎಲ್ಲಿತ್ತೋ ಅಲ್ಲಿ ಸಿಸ್ಟರ್ ಗುರುತು ಹಾಕಿಟ್ಟಿದ್ದರು. ಈಗ ಅದು ಆ ಗೆರೆಗಿಂತ ನಾಲ್ಕು ಬೆರಳು ಮೇಲೇರಿತ್ತು. ರಕ್ತ ಹೊರಗೆ ಬರದೆ ಒಳಗೇ ಹೆಪ್ಪುಗಟ್ಟಿ ತುಂಬಿಕೊಳ್ಳುತ್ತಿತ್ತು. ಕಲ್ಲಿನಂತೆ ಗಟ್ಟಿಯಾಗಿರಬೇಕಾದ ಗರ್ಭಕೋಶ ಹಿಟ್ಟಿನ ಹಾಗೆ ಮೆತ್ತಗಿತ್ತು. ನಾವು ಮಾಡಬಹುದಾದದ್ದನ್ನೆಲ್ಲ ಮಾಡಿ ದೊಡ್ಡ ಆಸ್ಪತ್ರೆಗೆ ಸಾಗಿಸಿದೆವು. ಆಕೆ ಬದುಕಿದಳು. ಆದರೆ ಗರ್ಭಕೋಶವನ್ನು ತೆಗೆಯಬೇಕಾಯಿತು. ಆಕೆಗೆ 22 ವರ್ಷ, ಅದು ಮೊದಲ ಹೆರಿಗೆ.

ಇದು ಸುಮಾರು 20 ವರ್ಷಗಳ ಹಿಂದಿನ ಮಾತು. ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ಮೊದಲ ಫೋನಿಗೂ ನಾನು ವಾರ್ಡಿಗೆ ಹೋದದ್ದಕ್ಕೂ ನಡುವೆ ನಲವತ್ತು ನಿಮಿಷ ಕಳೆದಿತ್ತು. ಅದು ಆಸ್ಪತ್ರೆಯ ತಪ್ಪಲ್ಲ, ನನ್ನದು. ಮೊದಲ ಫೋನಿಗೇ ಎದ್ದಿದ್ದರೆ ಗರ್ಭಕೋಶ ಉಳಿಯುತ್ತಿತ್ತೋ ಇಲ್ಲವೋ ಹೇಳಲಾರೆ. ಉಳಿಯುವ ಸಾಧ್ಯತೆಯಂತೂ ಹೆಚ್ಚಿತ್ತು.

ಆ ಸಿಸ್ಟರ್‌ಗೆ ಗೊತ್ತಾದದ್ದಾದರೂ ಏನು? ಆರೋಗ್ಯವಂತ ಹೆಂಗಸಿನ ದೇಹ ರಕ್ತ ನಷ್ಟವನ್ನು ಬಹಳ ಹೊತ್ತು ಮುಚ್ಚಿಡಬಲ್ಲದು. ರಕ್ತನಾಳಗಳು ಬಿಗಿಯಾಗುತ್ತವೆ, ಹೃದಯ ಬೇಗ ಬೇಗ ಬಡಿಯುತ್ತದೆ, ಹಾಗೆ ರಕ್ತದೊತ್ತಡ ಇದ್ದಲ್ಲೇ ನಿಲ್ಲುತ್ತದೆ. ಒಂದು ಲೀಟರಿನಷ್ಟು ರಕ್ತ ಹೋದ ಮೇಲೂ ಬಿಪಿ ಸರಿಯಾಗಿಯೇ ಇರಬಹುದು. ಅದು ಕುಸಿಯುವ ಹೊತ್ತಿಗೆ ತಡವಾಗಿರುತ್ತದೆ. ನಾಡಿಯ ವೇಗ, ಬಾಯಾರಿಕೆ, ಚಡಪಡಿಕೆ, ತಣ್ಣಗಿನ ಬೆವರು ಮೊದಲು ಬರುವ ಸುದ್ದಿ. ಇದೆಲ್ಲ ನಾನೂ ಪುಸ್ತಕದಲ್ಲಿ ಓದಿ ಪಾಸಾದವನೇ. ಆದರೆ ನಾನು ಫೋನಿನಲ್ಲಿ ಒಂದು ಅಂಕಿ ಕೇಳಿ ಸುಮ್ಮನಾದೆ. ಆಕೆ ಬೆಡ್ಡಿನ ಪಕ್ಕ ನಿಂತು ಆ ಹೆಂಗಸನ್ನು ನೋಡುತ್ತಿದ್ದರು.

ವೈದ್ಯರು ರೌಂಡ್ಸ್‌ನಲ್ಲಿ ಒಬ್ಬ ರೋಗಿಯ ಬಳಿ ನಿಲ್ಲುವುದು ಐದೋ ಹತ್ತೋ ನಿಮಿಷ. ಮಿಕ್ಕ ಹೊತ್ತೆಲ್ಲ ವಾರ್ಡಿನಲ್ಲಿ ಇರುವವರು ದಾದಿಯರು. ಸರ್ಕಾರಿ ಕಾಗದಗಳಲ್ಲಿ ಈಗ ಅವರನ್ನು ಶುಶ್ರೂಷಾಧಿಕಾರಿ ಎನ್ನುತ್ತಾರೆ. ನಮ್ಮ ಕಡೆಯ ಜನಕ್ಕೆ ಅವರು ಇಂದಿಗೂ ಸಿಸ್ಟರಮ್ಮ, ನರ್ಸಮ್ಮ. ಡಾಕ್ಟರು ಬರೆದದ್ದನ್ನು ಕೊಡುವವರು, ಸೂಜಿ ಚುಚ್ಚುವವರು ಎಂದಷ್ಟೇ ಬಹಳ ಮಂದಿ ತಿಳಿದಿದ್ದಾರೆ. ನಿನ್ನೆಗೂ ಇವತ್ತಿಗೂ ರೋಗಿಯಲ್ಲಿ ಏನು ಬದಲಾಯಿತು, ಈ ಬದಲಾವಣೆಗೆ ಕಾಯಬಹುದೇ ಅಥವಾ ಈಗಲೇ ಡಾಕ್ಟರನ್ನು ಎಬ್ಬಿಸಬೇಕೇ ಎಂದು ತೀರ್ಮಾನಿಸುವುದು ಅವರ ನಿಜವಾದ ಕೆಲಸ. ಆ ತೀರ್ಮಾನಕ್ಕೆ ಬೇಕಾದ ಸುದ್ದಿಯಲ್ಲಿ ಅರ್ಧದಷ್ಟು ರೋಗಿಯ ಮತ್ತು ಮನೆಯವರ ಬಾಯಿಂದಲೇ ಬರಬೇಕು.

ಸುಳ್ವಾಡಿಯ ವಿಷ

ಹನೂರು, ಕೊಳ್ಳೇಗಾಲದ ಕಡೆಯವರಿಗೆ 2018ರ ಡಿಸೆಂಬರ್ 14 ಮರೆಯುವ ದಿನವಲ್ಲ. ಸುಳ್ವಾಡಿಯ ಕಿಚ್ಚುಗುತ್ತಿ ಮಾರಮ್ಮನ ದೇವಸ್ಥಾನದಲ್ಲಿ ಗೋಪುರದ ಶಂಕುಸ್ಥಾಪನೆಯಂದು ಹಂಚಿದ ಪ್ರಸಾದದಲ್ಲಿ ಕೀಟನಾಶಕ ಬೆರೆತಿತ್ತು. ನೂರಕ್ಕೂ ಹೆಚ್ಚು ಜನ ಅಸ್ವಸ್ಥರಾದರು, 17 ಮಂದಿ ತೀರಿಕೊಂಡರು. ಹತ್ತಿರದ ಆಸ್ಪತ್ರೆಗಳಿಂದ ಮೈಸೂರಿನ ಆಸ್ಪತ್ರೆಗಳಿಗೆ ರೋಗಿಗಳು ಹೋದರು. ಕೊಳ್ಳೇಗಾಲದಿಂದಲೇ ಮೈಸೂರಿಗೆ 60 ಕಿ.ಮೀ.ಗೂ ಹೆಚ್ಚು ದಾರಿ. ಆ ದಿನ ನಾನು ಅಲ್ಲಿರಲಿಲ್ಲ, ಆದ್ದರಿಂದ ಆ ದಿನದ ಕಥೆಯನ್ನು ನಾನು ಹೇಳುವುದಿಲ್ಲ. ಆದರೆ ಅದೇ ಜಾತಿಯ ವಿಷ ಸೇವಿಸಿದವರು ನಮ್ಮ ಸೀಮೆಯ ಆಸ್ಪತ್ರೆಗಳಿಗೆ ಹೊಸಬರಲ್ಲ. ಹೊಲಕ್ಕೆ ಹೊಡೆಯುವಾಗ ಮೈಗೆ ತಾಗಿಸಿಕೊಂಡವರು, ಮನೆಯ ಜಗಳದಲ್ಲಿ ಕುಡಿದವರು, ಸೀಸೆ ಬದಲಾಗಿ ಕುಡಿದ ಮಕ್ಕಳು ಬರುತ್ತಲೇ ಇರುತ್ತಾರೆ.

ಸುಳ್ವಾಡಿಯ ಪ್ರಸಾದದಲ್ಲಿದ್ದದ್ದು ಮಾನೊಕ್ರೊಟೊಫಾಸ್. ಇದು ಆರ್ಗನೊಫಾಸ್ಫೇಟ್ ಗುಂಪಿಗೆ ಸೇರಿದ್ದು. ನರದಿಂದ ಸ್ನಾಯುವಿಗೆ ಸುದ್ದಿ ಒಯ್ಯುವ ಒಂದು ರಾಸಾಯನಿಕವಿದೆ. ಕೆಲಸ ಮುಗಿದೊಡನೆ ಅದನ್ನು ಒಡೆದುಹಾಕುವ ಕಿಣ್ವವೂ ನಮ್ಮ ದೇಹದಲ್ಲಿದೆ. ಈ ವಿಷ ಆ ಕಿಣ್ವವನ್ನು ಕಟ್ಟಿಹಾಕುತ್ತದೆ. ಸುದ್ದಿ ನಿಲ್ಲುವುದೇ ಇಲ್ಲ. ಜೊಲ್ಲು, ಬೆವರು, ವಾಂತಿ, ಭೇದಿ, ಮಾಂಸಖಂಡಗಳ ಅದುರುವಿಕೆ, ಸೂಜಿಮೊನೆಯಷ್ಟು ಕಿರಿದಾಗುವ ಕಣ್ಣಿನ ಪಾಪೆ, ಕಡೆಗೆ ಶ್ವಾಸಕೋಶದಲ್ಲೇ ನೀರು ತುಂಬಿಕೊಂಡು ಉಸಿರು ಕಟ್ಟುತ್ತದೆ.

ಇದಕ್ಕೆ ಅಟ್ರೋಪಿನ್ ಎಂಬ ಚುಚ್ಚುಮದ್ದು ಕೊಡುತ್ತೇವೆ. ಎಷ್ಟು ಕೊಡಬೇಕು ಎಂಬುದಕ್ಕೆ ಎಲ್ಲರಿಗೂ ಒಂದೇ ಲೆಕ್ಕವಿಲ್ಲ. ಎದೆಯ ಗೊರಗೊರ ಶಬ್ದ ನಿಲ್ಲುವವರೆಗೆ, ಕಂಕುಳು ಒಣಗುವವರೆಗೆ, ನಾಡಿ 80 ದಾಟುವವರೆಗೆ ಐದೈದು ನಿಮಿಷಕ್ಕೆ ಪ್ರಮಾಣವನ್ನು ಇಮ್ಮಡಿ ಮಾಡುತ್ತ ಹೋಗಬೇಕು. ಕಂಕುಳಿಗೆ ಕೈ ಹಾಕಿ ನೋಡುವವರು, ಸ್ಟೆತಾಸ್ಕೋಪ್ ಇಟ್ಟು ಕೇಳುವವರು, ಗಡಿಯಾರ ನೋಡುವವರು ಹೆಚ್ಚಾಗಿ ಸಿಸ್ಟರ್. ಮದ್ದು ಕಡಿಮೆಯಾದರೆ ರೋಗಿ ತನ್ನ ಕಫದಲ್ಲೇ ಮುಳುಗುತ್ತಾನೆ. ಹೆಚ್ಚಾದರೆ ಜ್ವರ ಏರುತ್ತದೆ, ಮೂತ್ರ ಕಟ್ಟುತ್ತದೆ, ಬಡಬಡಿಸತೊಡಗುತ್ತಾನೆ, ಗಾಳಿಯಲ್ಲಿ ಏನನ್ನೋ ಹಿಡಿಯಲು ಕೈ ಆಡಿಸುತ್ತಾನೆ.

ಇಲ್ಲೇ ಮಾತು ಬರುವುದು. ಹೀಗೆ ಬಡಬಡಿಸುವವನನ್ನು ಕಂಡು ಗಾಳಿ ಮೆಟ್ಟಿದೆ ಎಂದು ಡ್ರಿಪ್ ಕಿತ್ತು ಗುಡಿಗೆ ಕರೆದೊಯ್ಯಲು ಹೊರಟ ಸಂಸಾರವೊಂದನ್ನು ನಾನು ಬಲ್ಲೆ. ಅನುಭವಸ್ಥ ಸಿಸ್ಟರ್ ಮೊದಲೇ ಮನೆಯವರನ್ನು ಕೂರಿಸಿ, ‘ನೋಡಿ ಅವ್ವ, ರಾತ್ರಿಗೆ ಇವರು ಏನೇನೋ ಮಾತಾಡಬಹುದು, ನಿಮ್ಮ ಗುರುತು ಹಿಡಿಯದೆ ಹೋಗಬಹುದು. ಅದು ಮದ್ದಿನಿಂದ. ಹೆದರಬೇಡಿ, ಆದರೆ ಹಾಗಾದ ತಕ್ಷಣ ನನ್ನನ್ನು ಕರೀರಿ’ ಎಂದು ಹೇಳಿಟ್ಟಿರುತ್ತಾರೆ. ಈ ಎರಡು ನಿಮಿಷದ ಮಾತಿನಿಂದ ಒಂದು ಪ್ರಾಣ ಉಳಿದದ್ದುಂಟು.

ಇನ್ನೊಂದು ಸಂಗತಿ ಓದುಗರು ತಪ್ಪದೆ ತಿಳಿದಿರಬೇಕು. ಈ ವಿಷ ಸೇವಿಸಿದ ಕೆಲವರು ಮರುದಿನ ಎದ್ದು ಕೂತು ಕಾಫಿ ಕುಡಿಯುತ್ತಾರೆ. ಮನೆಯವರು ‘ಇನ್ನು ಕರಕೊಂಡು ಹೋಗ್ತೀವಿ’ ಎನ್ನುತ್ತಾರೆ. ಆದರೆ ಒಂದರಿಂದ ನಾಲ್ಕು ದಿನಗಳ ನಡುವೆ ಕತ್ತಿನ ಮತ್ತು ಉಸಿರಾಟದ ಸ್ನಾಯುಗಳು ಸೋಲುವ ಇನ್ನೊಂದು ಘಟ್ಟ ಬರಬಹುದು. ಅದನ್ನು ಮೊದಲು ಹಿಡಿಯಲು ದೊಡ್ಡ ಯಂತ್ರ ಬೇಕಿಲ್ಲ. ‘ದಿಂಬಿನಿಂದ ತಲೆ ಎತ್ತಿ ನೋಡೋಣ’, ‘ಒಂದೇ ಉಸಿರಿಗೆ ಇಪ್ಪತ್ತರವರೆಗೆ ಎಣಿಸಿ ನೋಡೋಣ’ ಎಂದು ಸಿಸ್ಟರ್ ಗಂಟೆಗಂಟೆಗೂ ಕೇಳುವುದು ಇದಕ್ಕಾಗಿಯೇ. ಬೆಳಿಗ್ಗೆ ತಲೆ ಎತ್ತಿದವನು ಸಂಜೆ ಎತ್ತಲಾರನಾದರೆ ಕೃತಕ ಉಸಿರಾಟದ ವ್ಯವಸ್ಥೆಯಿರುವ ಕಡೆಗೆ ಆಗಲೇ ಸಾಗಿಸಬೇಕು. ‘ಆಟ ಆಡಿಸ್ತಾರೆ ಸಿಸ್ಟರು’ ಎಂದು ಬೇಸರಪಟ್ಟುಕೊಂಡವರಿದ್ದಾರೆ, ದಯವಿಟ್ಟು ಪಡಬೇಡಿ.

ಬೇಕೆಂದೇ ಕುಡಿದವರ ವಿಷಯ ಬೇರೆ. ಗಂಡನೋ ಅತ್ತೆಯೋ ಪಕ್ಕದಲ್ಲಿ ನಿಂತಿರುವಾಗ ‘ಯಾಕೆ ಕುಡಿದೆ?’ ಎಂದು ಕೇಳಿದರೆ ‘ಕೆಮ್ಮಿನ ಔಷಧಿ ಅಂದ್ಕೊಂಡೆ’ ಎಂಬ ಉತ್ತರ ಬರುತ್ತದೆ. ನಡುರಾತ್ರಿ ಎಲ್ಲರೂ ಜಗಲಿಯಲ್ಲಿ ಮಲಗಿರುವಾಗ ಡ್ರಿಪ್ ಬದಲಿಸಲು ಬಂದ ಸಿಸ್ಟರ್ ಬಳಿ ನಿಜ ಹೊರಬೀಳುತ್ತದೆ. ಕೇಸು ಹಾಕುತ್ತಾರೆ ಎಂಬ ಭಯದಿಂದ ಸುಳ್ಳು ಹೇಳುವವರೇ ಹೆಚ್ಚು. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಮಾನಸಿಕ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರನ್ನು ಶಿಕ್ಷಿಸಬಾರದು ಎಂಬುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಧೋರಣೆ. ಮನಸ್ಸಿಗೆ ಕಷ್ಟವಾದಾಗ 14416 ಎಂಬ ಟೆಲಿ ಮಾನಸ್ ಸಂಖ್ಯೆಗೆ ಹಣ ಖರ್ಚಿಲ್ಲದೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಯಾವ ಭಾಷೆಯಲ್ಲಿ ನೋವು?

ಹನೂರಿನ ಕಡೆ ವೈದ್ಯ ಮಾಡುವವರಿಗೆ ಇನ್ನೊಂದು ತೊಡಕಿದೆ. ಒಂದೇ ಬೆಳಗಿನ ಸಾಲಿನಲ್ಲಿ ಕನ್ನಡದವರು, ತಮಿಳಿನವರು, ಲಂಬಾಣಿಗಳು, ಸೋಲಿಗರು, ಒಡೆಯರಪಾಳ್ಯದ ನಿರಾಶ್ರಿತರ ನೆಲೆಯ ಟಿಬೆಟನ್ನರು ಬಂದು ಕೂರುತ್ತಾರೆ. ಮೈಸೂರಿನಲ್ಲಿ ಓದಿ ಬಂದ ನಮ್ಮಂಥವರಿಗೆ ಅವರ ನೋವಿನ ಮಾತುಗಳು ಅರ್ಧಂಬರ್ಧ.

ಒಮ್ಮೆ ಬೆಳಗಿನ ಜಾವ ಒಬ್ಬ ಹುಡುಗನನ್ನು ಹೊಟ್ಟೆನೋವೆಂದು ಕರೆತಂದರು. ಗದ್ದೆ ಕಾಯಲು ಹೋಗಿ ನೆಲದ ಮೇಲೆ ಮಲಗಿದ್ದವನು. ಮೈಮೇಲೆ ಗಾಯವಿಲ್ಲ, ಊತವಿಲ್ಲ. ಗ್ಯಾಸ್ಟ್ರಿಕ್ ಇರಬೇಕೆಂದು ಇಂಜೆಕ್ಷನ್ ಬರೆದೆ. ಹುಡುಗ ತೂಕಡಿಸುತ್ತಿದ್ದ; ರಾತ್ರಿಯೆಲ್ಲ ನಿದ್ದೆಗೆಟ್ಟಿದ್ದಾನೆ ಎಂದುಕೊಂಡೆ. ಅವನ ತಾಯಿ ಮಾತ್ರ ‘ಕಣ್ಣು ಸೊರುಗುದು, ಕಣ್ಣು ಸೊರುಗುದು’ ಎನ್ನುತ್ತಲೇ ಇದ್ದಳು. ನನಗೆ ಅದು ಅಳುವಿನ ಮಾತಾಗಿ ಕೇಳಿಸಿತು. ತಮಿಳು ಬಲ್ಲ ಸಿಸ್ಟರ್ ಸಿರಿಂಜನ್ನು ಕೆಳಗಿಟ್ಟು ಬಂದು, ‘ಸಾರ್, ಕಣ್ಣು ಜೋತು ಬೀಳ್ತಿದೆ ಅಂತಿದ್ದಾರೆ, ನಿದ್ದೆ ಅಲ್ಲ ಅನ್ಸುತ್ತೆ’ ಎಂದರು. ‘ಮೇಲೆ ನೋಡಪ್ಪ’ ಎಂದರೆ ಅವನಿಗೆ ರೆಪ್ಪೆ ಎತ್ತಲಾಗಲಿಲ್ಲ.

ಅದು ಕಟ್ಟುಹಾವಿನ ಕಡಿತ. ಈ ಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ನೋವು, ಊತ ಇಲ್ಲವೆನ್ನುವಷ್ಟು ಕಡಿಮೆ. ಎಷ್ಟೋ ಸಲ ಕಚ್ಚಿದ್ದೇ ತಿಳಿಯುವುದಿಲ್ಲ. ಬೆಳಗ್ಗೆ ಹೊಟ್ಟೆನೋವು, ಆಮೇಲೆ ರೆಪ್ಪೆ ಜೋಲುವುದು, ನುಂಗಲಾಗದಿರುವುದು, ಕಡೆಗೆ ಉಸಿರು ನಿಲ್ಲುವುದು. ಹುಡುಗನಿಗೆ ವಿಷನಿರೋಧಕ ಔಷಧ ಹಾಕಿ ಮೈಸೂರಿಗೆ ಕಳುಹಿಸಿದೆವು. ಬದುಕಿ ಬಂದ. ಹಾವು ಕಡಿತವನ್ನು ಕರ್ನಾಟಕ ಸರ್ಕಾರ 2024ರಲ್ಲಿ ಅಧಿಸೂಚಿತ ರೋಗಗಳ ಪಟ್ಟಿಗೆ ಸೇರಿಸಿತು. ಆಸ್ಪತ್ರೆಗಳು ಪ್ರತಿ ಪ್ರಕರಣವನ್ನೂ ವರದಿ ಮಾಡಬೇಕು.

ವಿಷನಿರೋಧಕ ಹಾಕುವಾಗಲೂ ರೋಗಿಯೊಡನೆ ಮಾತು ಬೇಕು. ಅದು ಕುದುರೆಯ ರಕ್ತದಿಂದ ತಯಾರಾದ ಔಷಧ, ಕೆಲವರಿಗೆ ಒಗ್ಗುವುದಿಲ್ಲ. ‘ಮೈ ನವೆಯಾದರೆ, ಕೆಮ್ಮು ಬಂದರೆ, ಗಂಟಲು ಹಿಡಿದಂತಾದರೆ ತಕ್ಷಣ ಹೇಳಿ’ ಎಂದು ಹೇಳಿಟ್ಟರೆ ರೋಗಿ ಮೊದಲ ತುರಿಕೆಗೇ ಕೂಗುತ್ತಾನೆ. ಹೇಳದಿದ್ದರೆ ‘ಇಂಜೆಕ್ಷನ್ ಅಂದ್ರೆ ಹಿಂಗೇ ಇರ್ಬೋದು’ ಎಂದು ಸಹಿಸಿಕೊಂಡು ಮಲಗಿರುತ್ತಾನೆ. ನಮ್ಮ ಹಳ್ಳಿಯ ಜನರ ತಾಳ್ಮೆ ಆಸ್ಪತ್ರೆಯಲ್ಲಿ ಅವರಿಗೇ ಶತ್ರು.

ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಈ ಭಾಷೆಯ ತೊಡಕಿಗೆ ಒಳ್ಳೆಯ ದಾರಿ ಹುಡುಕಿತು. ಸೋಲಿಗರ ಹೆಣ್ಣುಮಕ್ಕಳಿಗೇ ಸಹಾಯಕ ದಾದಿಯರ ತರಬೇತಿ ಕೊಡಿಸಿತು. ಪೋಡಿನಲ್ಲಿ ಹುಟ್ಟಿ ಬೆಳೆದವಳಿಗೆ ಅಲ್ಲಿಯ ಮುದುಕಿ ಯಾವಾಗ ನಿಜವಾಗಿ ನರಳುತ್ತಾಳೆ, ಯಾವಾಗ ಸಂಕೋಚದಿಂದ ‘ಏನಿಲ್ಲ’ ಎನ್ನುತ್ತಾಳೆ ಎಂಬುದು ಗೊತ್ತು. ಸೋಲಿಗರಲ್ಲಿ ಕುಡುಗೋಲು ಕಣ ರಕ್ತಹೀನತೆ ಇದೆ. ಇದು ತಂದೆತಾಯಿಯರಿಂದ ಬರುವ ರೋಗ. ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡಾಗ ಮೂಳೆ ಮುರಿದಂಥ ನೋವು ಬರುತ್ತದೆ. ಆದರೆ ಮುಟ್ಟಿ ನೋಡಿದರೆ ಗಾಯವಿಲ್ಲ, ಜ್ವರವೂ ಇಲ್ಲದಿರಬಹುದು. ‘ನಾಟಕ’ ಎಂದುಬಿಡುವುದು ಸುಲಭ. ‘ಒಂದರಿಂದ ಹತ್ತರಲ್ಲಿ ನೋವು ಎಷ್ಟು?’ ಎಂಬ ಪುಸ್ತಕದ ಪ್ರಶ್ನೆ ಅಲ್ಲಿ ಕೆಲಸಕ್ಕೆ ಬಾರದು. ‘ಎದ್ದು ನೀರು ತರಕ್ಕಾಗುತ್ತಾ? ರಾತ್ರಿ ನಿದ್ದೆ ಬಂತಾ?’ ಎಂದು ಕೇಳಿದರೆ ಉತ್ತರ ಸಿಗುತ್ತದೆ.

‘ಏನೂ ಆಗಲ್ಲ’

ಧೈರ್ಯ ಹೇಳುವುದು ದಾದಿಯ ಧರ್ಮ ಎಂಬ ಮಾತಿದೆ. ಆದರೆ ಆಧುನಿಕ ಶುಶ್ರೂಷೆಗೆ ಅಡಿಪಾಯ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ 1859ರ ತಮ್ಮ ಪುಸ್ತಕದಲ್ಲಿ, ರೋಗಿಗೆ ಹೇಳುವ ಪೊಳ್ಳು ಭರವಸೆಗಳ ವಿರುದ್ಧವೇ ಒಂದು ಅಧ್ಯಾಯ ಬರೆದಿದ್ದಾರೆ. ರೋಗಿಗೆ ಕೇಳಿಸಿಯೂ ಕೇಳಿಸದಂತೆ ಕೋಣೆಯಲ್ಲಿ ಪಿಸುಗುಟ್ಟುವುದನ್ನೂ ಅವರು ಖಂಡಿಸಿದ್ದರು. ನಮ್ಮ ವಾರ್ಡುಗಳಲ್ಲಿ ಈ ಎರಡೂ ದಿನನಿತ್ಯ ನಡೆಯುತ್ತವೆ. ಪಿಸುಗುಟ್ಟುವವರಲ್ಲಿ ನೆಂಟರೇ ಮುಂದು. ‘ಏನೂ ಆಗಲ್ಲ’ ಎಂದು ಕೇಳಿದ ರೋಗಿ ಮುಂದಿನ ಸಲ ಎದೆ ಹಿಂಡಿದಾಗ ಹೇಳಲು ಹಿಂಜರಿಯುತ್ತಾನೆ. ‘ಈಗ ಸ್ವಲ್ಪ ಕಷ್ಟ ಇದೆ, ಹೀಗೆ ಮಾಡ್ತಿದ್ದೀವಿ, ಇದು ಹೆಚ್ಚಾದರೆ ಕರೀರಿ’ ಎಂದರೆ ಧೈರ್ಯವೂ ಬರುತ್ತದೆ, ಸುದ್ದಿಯೂ ಬರುತ್ತದೆ.

ಮಕ್ಕಳ ವಿಷಯದಲ್ಲಿ ತಾಯಿಯ ಮಾತಿಗೆ ಇನ್ನೂ ಹೆಚ್ಚು ಬೆಲೆ. ‘ಮಗ ಯಾಕೋ ಎಂದಿನಂಗಿಲ್ಲ ಕನವ್ವ’ ಎಂದು ತಾಯಿ ಹೇಳಿದಾಗ ಒಳ್ಳೆಯ ಸಿಸ್ಟರ್ ಥರ್ಮಾಮೀಟರಿಗೆ ಮೊದಲು ಅಂಗಿ ಎತ್ತಿ ಪೂರ್ತಿ ಒಂದು ನಿಮಿಷ ಉಸಿರು ಎಣಿಸುತ್ತಾರೆ. ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಉಸಿರೆಳೆದಾಗ ಪಕ್ಕೆ ಒಳಕ್ಕೆ ಹೋಗುತ್ತಿದ್ದರೆ, ಕಾಯುವಂತಿಲ್ಲ. ಇದನ್ನು ಮನೆಯಲ್ಲೂ ಎಣಿಸಬಹುದು. ಮಗು ಅಳದೆ ಮಲಗಿರುವಾಗ ಎಣಿಸಿ.

ಮನೆಗೆ ಹೊರಡುವ ಮುನ್ನ

ಕೊಳ್ಳೇಗಾಲದ ರೇಷ್ಮೆ ಮಗ್ಗದಲ್ಲಿ ದುಡಿಯುವ ಒಬ್ಬರು ನನ್ನ ಬಳಿ ಸಕ್ಕರೆ ಕಾಯಿಲೆಗೆ ಬರುತ್ತಿದ್ದರು. ಇನ್ಸುಲಿನ್ 20 ಯೂನಿಟ್ ಬರೆದಿದ್ದೆ. ಸಕ್ಕರೆ ಇಳಿಯಲಿಲ್ಲ. 26 ಮಾಡಿದೆ. ಆಗಲೂ ಇಳಿಯಲಿಲ್ಲ. ಕದ್ದು ಸಿಹಿ ತಿನ್ನುತ್ತಿದ್ದೀರಿ ಎಂದು ಗದರಿಸಿಯೂ ಕಳುಹಿಸಿದೆ. ಆಮೇಲೆ ಒಂದು ದಿನ ಸಿಸ್ಟರ್ ಅವರನ್ನು ಕೂರಿಸಿ, ‘ಅಣ್ಣ, ಮನೇಲಿ ಹೇಗೆ ಹಾಕ್ಕೋತೀರಾ? ನಂಗೆ ತೋರಿಸಿ’ ಎಂದರು. ಚೀಲದಿಂದ ಅವರು ತೆಗೆದದ್ದು ಕಿತ್ತಳೆ ಮುಚ್ಚಳದ ಸಿರಿಂಜು.

ನಮ್ಮಲ್ಲಿ ಸೀಸೆಯಲ್ಲಿ ಸಿಗುವ ಇನ್ಸುಲಿನ್ ಹೆಚ್ಚಾಗಿ ಒಂದು ಮಿಲಿಲೀಟರಿಗೆ 40 ಯೂನಿಟ್ ಇರುವಂಥದ್ದು. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜು. ಕಿತ್ತಳೆ ಮುಚ್ಚಳದ್ದು 100 ಯೂನಿಟ್‌ನ ಇನ್ಸುಲಿನ್‌ಗೆ. ಇದನ್ನು ಅದಕ್ಕೆ ಬಳಸಿದರೆ 20ರ ಗೆರೆಯವರೆಗೆ ಎಳೆದರೂ ಮೈಗೆ ಹೋಗುವುದು 8 ಯೂನಿಟ್ ಮಾತ್ರ. ಅದಲುಬದಲಾಗಿ 100ರ ಇನ್ಸುಲಿನ್ನನ್ನು ಕೆಂಪು ಮುಚ್ಚಳದ್ದರಲ್ಲಿ ಎಳೆದರೆ ಎರಡೂವರೆ ಪಟ್ಟು ಹೋಗುತ್ತದೆ. ಸಕ್ಕರೆ ಪಾತಾಳಕ್ಕಿಳಿದು ಪ್ರಜ್ಞೆ ತಪ್ಪಬಹುದು. ಆ ಮನುಷ್ಯ ಯಾವ ಸಿಹಿಯನ್ನೂ ಕದ್ದು ತಿಂದಿರಲಿಲ್ಲ. ನಾನು ಪ್ರತಿ ಸಲವೂ ‘ಗೊತ್ತಾಯ್ತಾ?’ ಎಂದು ಕೇಳಿದ್ದೆ, ಅವರು ಪ್ರತಿ ಸಲವೂ ‘ಆಯ್ತು ಬುದ್ಧಿ’ ಎಂದಿದ್ದರು. ಡಾಕ್ಟರ ಮುಂದೆ ‘ಗೊತ್ತಾಗಲಿಲ್ಲ’ ಎನ್ನುವವರು ನಮ್ಮ ಕಡೆ ಯಾರಿದ್ದಾರೆ?

ಆದ್ದರಿಂದ ಡಿಸ್ಚಾರ್ಜ್ ದಿನ ಸಿಸ್ಟರ್ ನಿಮ್ಮಿಂದ ಮತ್ತೆ ಹೇಳಿಸಿದರೆ, ಮಾಡಿ ತೋರಿಸಿ ಎಂದರೆ, ಬಸ್ಸಿಗೆ ಹೊತ್ತಾಯಿತು ಎಂದು ಅವಸರ ಮಾಡಬೇಡಿ. ಕೇಳದಿದ್ದರೆ ನೀವೇ, ‘ನಾನು ಹೇಳ್ತೀನಿ, ಸರಿಯಾ ನೋಡಿ ಸಿಸ್ಟರ್’ ಎನ್ನಿ. ಯಾವ ಲಕ್ಷಣ ಕಂಡರೆ ತಿರುಗಿ ಬರಬೇಕು ಎಂದು ಕೇಳಿಕೊಳ್ಳಿ. ಮಹದೇಶ್ವರ ಬೆಟ್ಟದ ಆಚೀಚಿನ ಊರಿನವರು ರಾತ್ರಿ ವಾಹನ ಸಿಗುವುದೇ ಎಂಬುದನ್ನೂ ಹೇಳಿ. ಎಷ್ಟು ಹೊತ್ತು ಕಾಯಬಹುದು ಎಂಬ ಲೆಕ್ಕ ಆಗ ಬದಲಾಗುತ್ತದೆ. ವಾರ್ಡಿನಲ್ಲಿರುವಾಗ ರೋಗಿಯ ಬಳಿ ಹತ್ತು ಜನ ನಿಲ್ಲುವ ಬದಲು ರೋಗಿಯನ್ನು ಚೆನ್ನಾಗಿ ಬಲ್ಲ ಒಬ್ಬರೇ ಇರಿ, ಅವರೇ ಸಿಸ್ಟರ್ ಜೊತೆ ಮಾತಾಡಲಿ. ಮೂತ್ರ ಎಷ್ಟು ಹೊತ್ತಿಗೆ ಹೋಯಿತು, ಏನು ಕುಡಿದರು ಎಂದು ಒಂದು ಚೀಟಿಯಲ್ಲಿ ಗುರುತು ಹಾಕಿದರೆ ಇನ್ನೂ ಒಳ್ಳೆಯದು. ಡ್ರಿಪ್ ಹಾಕಿ ಎಂದು ನೀವು ಹಟ ಹಿಡಿದಾಗ ‘ಬೇಡ’ ಎಂದ ಸಿಸ್ಟರ್ ಮೇಲೆ ಕೂಗಾಡಬೇಡಿ; ಹೃದಯ ಸೋತವರಿಗೆ, ಮೂತ್ರಪಿಂಡ ಕೆಟ್ಟವರಿಗೆ ಒಂದು ಬಾಟಲಿ ನೀರೇ ಉಸಿರು ಕಟ್ಟಿಸಬಹುದು.

ಇನ್ನು ತುರ್ತಿನಲ್ಲಿ ಬರುವಾಗ 108ಕ್ಕೆ ಫೋನು ಮಾಡಿ, ರೋಗಿ ತೆಗೆದುಕೊಳ್ಳುವ ಮಾತ್ರೆಗಳನ್ನೂ ಹಳೆಯ ಚೀಟಿಗಳನ್ನೂ ಜೊತೆಗೆ ತನ್ನಿ. ವಿಷ ಕುಡಿದವರಾದರೆ ಡಬ್ಬಿಯನ್ನೂ ತನ್ನಿ, ಅದರ ಮೇಲಿನ ಹೆಸರು ನೋಡಿದರೆ ಚಿಕಿತ್ಸೆ ಬೇಗ ಶುರುವಾಗುತ್ತದೆ. ಆದರೆ ಅದನ್ನು ಬೇರೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ತನ್ನಿ. ರಾಗಿಮುದ್ದೆಯ ಬುತ್ತಿಯ ಜೊತೆಗೇ ಇಟ್ಟುಕೊಂಡು ಬಂದವರನ್ನು ನೋಡಿದ್ದೇನೆ.